ಮಂತ್ರಿಗಳ ಕೊರಳ ಬಿಲ್ಲೆ

ಅಂಗಿಯ ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಅದರ ಮೇಲೆ ಟೈ ಬಿಗಿದುಕೊಂಡು, ಆಮೇಲೆ ಕಾಲರಿನೊಳಗೆ ಎರಡು ಬೆರಳು ತೂರಿಸಿ ಅದನ್ನು ಮುಂದಕ್ಕೆ ಎಳೆಯುತ್ತಿದ್ದರು. ದಿನವಿಡೀ ಅದೇ ಚಾಳಿ. ಕಪ್ಪಗಿನ ಉದ್ದ ಬೆರಳುಗಳು, ದಪ್ಪ ಗೆಣ್ಣು. ಕಾಲರು ಮಾತ್ರ ಗಂಜಿ ಹಾಕಿದ ಅಚ್ಚ ಬಿಳಿ. ಸಿಂಗಪುರದ ಟ್ಯಾಂಪಿನೀಸಿನ ಸೆಖೆಯಲ್ಲಿ ನಮ್ಮ ಇಡೀ ವಸತಿ ಬ್ಲಾಕು ಚಡ್ಡಿ ಚಪ್ಪಲಿಯಲ್ಲಿ ಓಡಾಡುವಾಗ ತೊಂಬತ್ತರ ಹತ್ತಿರದ ಈ ಮುದುಕರು ಮದುವೆಗೆ ಹೊರಟವರ ಹಾಗೆ ಲಿಫ್ಟಿನಲ್ಲಿ ನಿಂತಿರುತ್ತಿದ್ದರು. ‘ಅಷ್ಟು ಬಿಗಿಯಾದರೆ ಗುಂಡಿ ಬಿಚ್ಚಬಾರದೇ, ಯಾರು ಬೇಡ ಅಂದವರು’ ಎಂದು ನಾನು ಎಷ್ಟೋ ಸಲ ಒಳಗೊಳಗೇ ಗೊಣಗಿದ್ದೇನೆ. ಆ ಬೆರಳುಗಳು ಹುಡುಕುತ್ತಿದ್ದುದು ಗುಂಡಿಯನ್ನಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ಮಾಡಬಾರದ್ದನ್ನು ಮಾಡಿ ಆಗಿತ್ತು.

ಅವರು ನಮ್ಮದೇ ಮಹಡಿಯವರು. ಹಡಗು ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದ ಮಗಳು ಅಪ್ಪನನ್ನು ತನ್ನ ಹತ್ತಿರ ಕರೆಸಿಕೊಂಡಿದ್ದರು. ಮೊದಲ ದಿನ ಲಿಫ್ಟಿನಲ್ಲಿ ಸಿಕ್ಕಾಗ ಎಲ್ಲರ ಕೈ ಕುಲುಕಿದರು: ನನ್ನದು, ನನ್ನ ಗಂಡನದು, ತರಕಾರಿ ಚೀಲ ಹಿಡಿದ ಚೀನೀ ಅಜ್ಜಿಯದು, ಕೊನೆಗೆ ಐಸ್‌ಕ್ರೀಮು ಅಂಟಿದ್ದ ನನ್ನ ಮಗಳ ಕೈಯನ್ನೂ. ನನ್ನ ಗಂಡನಿಗೆ ತಮಾಷೆ ಜಾಸ್ತಿ. “ಏನ್ ಅಂಕಲ್, ಎಲೆಕ್ಷನ್‌ಗೆ ನಿಂತಿದೀರಾ?” ಎಂದು ಕೇಳಿಯೇಬಿಟ್ಟರು.

“ನಿಂತಿದ್ದೆ. ಗೆದ್ದೂ ಬಿಟ್ಟೆ. ಅಲ್ಲೇ ಎಡವಟ್ಟಾತು ನೋಡ್ರಿ,” ಎಂದರು.

ಅವರು ಆಡಿದ್ದು ಇಂಗ್ಲಿಷು, ಫ್ರೆಂಚಿನ ಎಳೆತವಿದ್ದ ಇಂಗ್ಲಿಷು. ಅದನ್ನು ನಾನಿಲ್ಲಿ ನಮ್ಮ ನವಲಗುಂದದ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪುಸ್ತಕದ ಕನ್ನಡದಲ್ಲಿ ಬರೆದರೆ ಅವರು ನನ್ನ ಕಿವಿಗೆ ಕೇಳಿಸುವುದಿಲ್ಲ. ಆಗಿನ ನಾನಾಗಿದ್ದರೆ ಹೀಗೆ ಬರೆಯುತ್ತಿರಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಬ್ಲಾಕಿನ ಮಕ್ಕಳಿಗೆಲ್ಲ ಅವರು ‘ಮಂತ್ರಿ ತಾತ’. ಮಂತ್ರಿ ಎಂಬುದೇನೂ ಸುಳ್ಳಲ್ಲ. ಪಶ್ಚಿಮ ಆಫ್ರಿಕಾದ ಕಡಲ ದಂಡೆಯ ಒಂದು ದೇಶ, ಫ್ರೆಂಚರ ಆಳ್ವಿಕೆಯಲ್ಲಿದ್ದದ್ದು. ಶೇಂಗಾ ಬೆಳೆಯುವ ಹಳ್ಳಿಯ ಹುಡುಗ ಫ್ರೆಂಚರ ಶಾಲೆಯಲ್ಲಿ ಓದಿ, ಮಾಸ್ತರನಾಗಿ, ಮಾಸ್ತರರ ಸಂಘ ಕಟ್ಟಿ, ಮೀಸೆ ಸರಿಯಾಗಿ ಬಲಿಯುವ ಮೊದಲೇ ಅಲ್ಲಿಯ ಸಭೆಗೆ ಆರಿಸಿ ಬಂದರು. ನಿಯೋಗದಲ್ಲಿ ಪ್ಯಾರಿಸ್ಸಿಗೆ ಹೋಗಿ, ಅಲ್ಲಿಯ ಘಟಾನುಘಟಿಗಳ ಎದುರು ಅವರದೇ ಭಾಷೆಯಲ್ಲಿ, ಅವರಿಗಿಂತ ಚೆನ್ನಾಗಿ ವಾದಿಸಿದರು. ಸ್ವಾತಂತ್ರ್ಯ ಬಂತು, ಇವರು ಶಿಕ್ಷಣ ಮಂತ್ರಿಯಾದರು. ಕೆಲವೇ ವರ್ಷಗಳಲ್ಲಿ ಸೈನಿಕರು ಸರ್ಕಾರ ಉರುಳಿಸಿದರು. ಜೈಲಾಯಿತು, ದೇಶ ಬಿಟ್ಟದ್ದಾಯಿತು, ಕಂಡವರ ಊರಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದದ್ದಾಯಿತು. ಇದೆಲ್ಲ ನನಗೆ ಬ್ಲಾಕಿನ ಬುಡದಲ್ಲಿ ಗೋಡೆಯಿಲ್ಲದೆ ತೆರೆದೇ ಬಿಟ್ಟ ಪಡಸಾಲೆಯಲ್ಲಿ, ಅಂದರೆ ವಾಯ್ಡ್ ಡೆಕ್ಕಿನ ಕಲ್ಲು ಬೆಂಚಿನ ಮೇಲೆ ತುಣುಕು ತುಣುಕಾಗಿ ಸಿಕ್ಕಿದ್ದು. ಜೈಲಿನ ಕಥೆಯನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಅಲ್ಲಿಯ ತಿಗಣೆಗಳಿಗೆ ತಮ್ಮ ಸಂಪುಟದ ಸಹೋದ್ಯೋಗಿಗಳ ಹೆಸರಿಟ್ಟಿದ್ದರಂತೆ. ಸ್ವಾತಂತ್ರ್ಯದ ಮಾತು ಬಂದರೆ ಮಾತ್ರ ಒಂದೇ ಪಲ್ಲವಿ.

“ಬಾವುಟಾ ಇಳಸೂದು ಭಾಳ ಸುಲಭ ಐತ್ರಿ. ಒಂದು ಹಗ್ಗ ಇದ್ರ ಸಾಕು.”

ಮುಂದೆ ಏನೋ ಇದೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ಬೆರಳು ಕಾಲರಿಗೆ ಹೋಗುತ್ತಿತ್ತು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಒಮ್ಮೆ ಅವರು ತಮ್ಮ ತಾಯಿಯ ವಿಷಯ ಹೇಳಿದರು. ಸ್ವಾತಂತ್ರ್ಯದ ದಿನ ಇವರು ಮಾಡಿದ ಭಾಷಣಕ್ಕೆ ದೊಡ್ಡ ದೊಡ್ಡವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಮುಂದಿನ ಸಾಲಿನಲ್ಲಿ ಹೊಸ ಬಟ್ಟೆ ಉಟ್ಟು ಕುಳಿತಿದ್ದ ತಾಯಿ, ಎಲ್ಲ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳಂತೆ: “ಮಗನ, ಅಷ್ಟೊತ್ತು ಯಾರಿಗೆ ಬೈದಿ?”

ಭಾಷಣ ಪೂರ್ತಿ ಫ್ರೆಂಚಿನಲ್ಲಿತ್ತು. ಅವಳಿಗೆ ಒಂದಕ್ಷರ ತಿಳಿದಿರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು, ಆದರೆ ನನಗಿಂತ ಬೇಗ ನಿಲ್ಲಿಸಿದರು.

ನನ್ನ ನಗುವಿಗೆ ನನ್ನದೇ ಕಾರಣವಿತ್ತು. ಮೈಸೂರಿಗೆ ಸೊಸೆಯಾಗಿ ಹೋದ ಹೊಸತರಲ್ಲಿ ಅಡಿಗೆಮನೆಯಿಂದ “ಅತ್ತಿ, ಶೇಂಗಾ ಎಲ್ಲಿ ಇಟ್ಟೀರಿ?” ಎಂದು ಕೂಗಿ ಕೇಳಿದ್ದೆ. ಹಜಾರದಲ್ಲಿ ಕುಳಿತಿದ್ದ ಪಕ್ಕದ ಮನೆಯಾಕೆ, “ಏನ್ರೀ, ನಿಮ್ಮ ಸೊಸೆ ಮಾತಾಡ್ತಿದಾಳೋ ಜಗಳ ಆಡ್ತಿದಾಳೋ?” ಅಂದರು. ಯಾರೂ ಬೈಯಲಿಲ್ಲ, ಬರೀ ನಕ್ಕರು. ನನಗೆ ಅಷ್ಟೇ ಸಾಕಾಯಿತು. ಒಂದು ವರ್ಷದೊಳಗೆ ನನ್ನ ‘ಹೊಂಟೀನಿ’ ‘ಹೊರಟಿದೀನಿ’ ಆಯಿತು, ಶೇಂಗಾ ಕಡಲೇಕಾಯಿ ಆಯಿತು. ಸಿಂಗಪುರಕ್ಕೆ ಬರುವಷ್ಟರಲ್ಲಿ ನಾನು ಯಾವ ಕಡೆಯವಳೆಂದು ಬೆಂಗಳೂರಿನವರಿಗೂ ಗೊತ್ತಾಗದಷ್ಟು ನುಣುಪಾಗಿದ್ದೆ. ಅದನ್ನು ದೊಡ್ಡ ಸಾಧನೆ ಅಂದುಕೊಂಡಿದ್ದೆ, ಮಂಗ್ಯಾ! ಊರಿನ ಮಾತು ಉಳಿದದ್ದು ಅವ್ವನ ಜೊತೆಗಿನ ಫೋನಿನಲ್ಲಿ. ಅದನ್ನೂ ಕಾರಿಡಾರಿಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಆಡುತ್ತಿದ್ದೆ.

ಅಷ್ಟೆಲ್ಲ ಜೋಪಾನ ಮಾಡಿದರೂ ಆ ಮಾತು ಮನೆಯೊಳಗೆ ಬಂದೇ ಬಂತು. ಅವ್ವ ಒಮ್ಮೆ ಬಂದು ಕೆಲವು ತಿಂಗಳು ನಮ್ಮಲ್ಲಿದ್ದಳು. ನನ್ನ ಮಗಳು ರಾತ್ರಿ ಅವಳ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದಳು, ಬೆಳಗಾದರೆ ಅವಳ ಬೆನ್ನಿಗೇ ಇರುತ್ತಿದ್ದಳು. ಅವ್ವ ಊರಿಗೆ ಹೋದ ಮೇಲೂ ಭಾನುವಾರದ ವಿಡಿಯೋ ಕಾಲಿನಲ್ಲಿ ಇಬ್ಬರದೂ ಮುಗಿಯದ ಹರಟೆ. “ಏನ್ ಮಾಡಾಕತ್ತಿ ಅಜ್ಜಿ?” ಎಂದು ಇವಳು, “ನಿನ್ನ ದಾರಿ ನೋಡಾಕತ್ತೇನಿ ನನ್ನ ಬಂಗಾರಾ” ಎಂದು ಅವಳು. ನನಗೆ ಒಳಗೆ ಖುಷಿ. ಬೇರೆಯವರ ಎದುರು ಮಾತ್ರ ಮಗಳು ಹಾಗೆ ಮಾತಾಡದಿರಲಿ ಎಂಬ ಆಸೆ.

ಶನಿವಾರ ಬೆಳಿಗ್ಗೆ ವಾಯ್ಡ್ ಡೆಕ್ಕಿನಲ್ಲಿ ನಾವು ಕೆಲವರು ತಾಯಂದಿರು ಸೇರಿ ಮಕ್ಕಳಿಗೆ ಕನ್ನಡ ಕ್ಲಾಸು ನಡೆಸುತ್ತಿದ್ದೆವು. ಮೇಷ್ಟ್ರು ನಾನೇ. ಮಕ್ಕಳೋ, ಕನ್ನಡ ಕ್ಲಾಸಿನಲ್ಲೂ “ಆಂಟಿ, ಕ್ಯಾನ್ ಗೋ ಟಾಯ್ಲೆಟ್ ಆರ್ ನಾಟ್?” ಅನ್ನುವ ಜಾತಿ. ನಾನೊಂದು ಉಪಾಯ ಹೂಡಿದೆ. ಆಫೀಸಿನ ಹಳೆಯ ಐಡಿ ಕಾರ್ಡಿನ ದಾರಕ್ಕೆ ರಟ್ಟಿನ ಬಿಲ್ಲೆಯೊಂದನ್ನು ಸಿಕ್ಕಿಸಿ, ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ನಾನು ಕನ್ನಡ ಮರೆತೆ’ ಎಂದು ಬರೆದೆ. ಯಾರು ಇಂಗ್ಲಿಷ್ ಮಾತಾಡುತ್ತಾರೋ ಅವರ ಕೊರಳಿಗೆ ಅದು. ಅವರು ಇನ್ನೊಬ್ಬರ ಬಾಯಲ್ಲಿ ತಪ್ಪು ಹಿಡಿದರೆ ಅವರಿಗೆ ದಾಟಿಸಬಹುದು. ಕ್ಲಾಸು ಮುಗಿಯುವಾಗ ಯಾರ ಕೊರಳಲ್ಲಿ ಉಳಿಯುತ್ತದೋ ಅವರು ಎಲ್ಲರೆದುರು ನಿಂತು ‘ನಾನು ಕನ್ನಡ ಮರೆತೆ’ ಎಂದು ಗಟ್ಟಿಯಾಗಿ ಹೇಳಬೇಕು.

ಅಬ್ಬಾ, ಅದರ ಪರಿಣಾಮವೇ! ಎರಡೇ ವಾರದಲ್ಲಿ ಮಕ್ಕಳು ಬಾಯಿ ಬಿಗಿಹಿಡಿದು, ಅಳೆದು ತೂಗಿ ಮಾತಾಡತೊಡಗಿದರು. ಕಿವಿಯೆಲ್ಲ ಪಕ್ಕದವರ ಬಾಯಿಯ ಮೇಲೆ. ತಾಯಂದಿರು “ಸೂಪರ್ ಐಡಿಯಾ ರೀ, ನಮ್ಮನೇಲೂ ಇಂಪ್ಲಿಮೆಂಟ್ ಮಾಡ್ತೀವಿ” ಎಂದರು, ಬಿಲ್ಲೆ ಹಾಕಿಕೊಂಡ ಮಕ್ಕಳ ಫೋಟೋ ತೆಗೆದು ಗ್ರೂಪಿಗೆ ಹಾಕಿದರು.

ಮಂತ್ರಿಗಳು ಎಂದಿನಂತೆ ಕಲ್ಲು ಬೆಂಚಿನ ಮೇಲೆ ಕುಳಿತು, ಪೊಟ್ಟಣದಲ್ಲಿದ್ದ ಶೇಂಗಾವನ್ನು ಒಂದೊಂದೇ ಒಡೆದು ತಿನ್ನುತ್ತ ನಮ್ಮನ್ನು ನೋಡುತ್ತಿದ್ದರು. ಅವತ್ತು ನನ್ನನ್ನು ಕರೆದರು.

“ಏನ್ರೀ ಅದು, ಆ ಹುಡುಗನ ಕೊರಳಾಗ?”

ನಾನು ಸಡಗರದಿಂದ ನಿಯಮವನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿದ್ದ ಕಾಯನ್ನು ಒಡೆಯಲಿಲ್ಲ. ಬೆರಳು ಕಾಲರಿಗೆ ಹೋಯಿತು.

“ಅದು ಭಾಳ ಚಲೋ ಕೆಲಸ ಮಾಡ್ತೈತಿ,” ಎಂದರು. “ನನಗ ಗೊತ್ತೈತಿ.”

ನಾನು ಅದನ್ನು ಹೊಗಳಿಕೆ ಎಂದು ತಿಳಿದೆ. ಮನೆಗೆ ಬಂದವಳೇ ಗ್ರೂಪಿನಲ್ಲಿ ಹಾಕಿದೆ: ‘ಒಂದು ದೇಶದ ಮಾಜಿ ಶಿಕ್ಷಣ ಮಂತ್ರಿಗಳೇ ನಮ್ಮ ಬಿಲ್ಲೆಯನ್ನು ಮೆಚ್ಚಿದ್ದಾರೆ!’ ಹೆಬ್ಬೆರಳುಗಳ ಸುರಿಮಳೆಯೇ ಆಯಿತು. ಈಗ ಆ ಸಂದೇಶ ನೆನಪಾದರೆ ಕಿವಿಯ ತುದಿ ಬಿಸಿಯಾಗುತ್ತದೆ.

ಮುಂದಿನ ಶನಿವಾರ ಕ್ಲಾಸು ಮುಗಿಯುವ ಹೊತ್ತಿಗೆ ಮಕ್ಕಳು ಮಡಚುವ ಮೇಜುಗಳನ್ನು ಎತ್ತಿಡುತ್ತಿದ್ದರು. ಬಿಲ್ಲೆ ಒಬ್ಬ ಹುಡುಗನ ಕೊರಳಲ್ಲಿತ್ತು. ಅವನಿಗೆ ಅದನ್ನು ದಾಟಿಸುವ ಅವಸರ. ಅಷ್ಟರಲ್ಲಿ ಮೇಜಿನ ಕೀಲಿನ ಸಂದಿಗೆ ನನ್ನ ಮಗಳ ಬೆರಳು ಸಿಕ್ಕಿಬಿತ್ತು.

“ಯವ್ವಾ! ಸತ್ತೆನ್ಯವ್ವಾ!”

ಇಡೀ ವಾಯ್ಡ್ ಡೆಕ್ಕಿನಲ್ಲಿ ಘೊಳ್ಳೆಂದು ನಗು. ಹುಡುಗ ಓಡಿಬಂದವನೇ ಬಿಲ್ಲೆಯನ್ನು ತೆಗೆದು ಅವಳ ಕೊರಳಿಗೆ ಹಾಕಿದ. “ದಟ್ ಈಸ್ ನಾಟ್ ಕನ್ನಡ, ಲಾ!” ಎಂದು ಸಿಂಗಪುರದ ರಾಗದಲ್ಲಿ ಕೂಗಿದ. ತಾನು ಅದನ್ನು ಇಂಗ್ಲಿಷಿನಲ್ಲಿ ಕೂಗಿದೆ ಎಂಬುದು ಅವನಿಗೂ ಹೊಳೆಯಲಿಲ್ಲ, ನಕ್ಕ ಯಾರಿಗೂ ಹೊಳೆಯಲಿಲ್ಲ. “ಅಯ್ಯೋ, ಸೋ ಕ್ಯೂಟ್! ಎಲ್ಲಿ ಕಲಿತ್ಲು ರೀ ಇದನ್ನ, ಯಾವ್ದಾದ್ರೂ ಸೀರಿಯಲ್ ನೋಡ್ತಾಳಾ?” ಎಂದು ಒಬ್ಬಾಕೆ ನನ್ನ ಕಡೆ ತಿರುಗಿದರು.

ಮಗಳು ಬೆರಳು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅಮ್ಮ ಏನಾದರೂ ಅನ್ನುತ್ತಾಳೆ, ಇದು ನಮ್ಮ ಅಜ್ಜಿಯ ಮಾತು ಅನ್ನುತ್ತಾಳೆ ಎಂದು ಕಾಯುತ್ತಿದ್ದಳು. ನಾನು ಅಂದದ್ದು ಇಷ್ಟು: “ನೋವಾದ್ರೆ ‘ಅಮ್ಮಾ’ ಅನ್ಬೇಕು ಪುಟ್ಟಾ. ಸರೀನಾ?” ಅಂದು, ಅವರ ಜೊತೆ ನಾನೂ ನಕ್ಕೆ.

ಬಿಲ್ಲೆಯನ್ನು ನಾನು ತೆಗೆಯಲಿಲ್ಲ. ತೆಗೆದವರು ಅವರು. ಬೆಂಚಿನಿಂದ ಯಾವಾಗ ಎದ್ದರೋ, ಕೋಲು ಅಲ್ಲೇ ಬಿಟ್ಟು ಬಂದಿದ್ದರು. ದಾರವನ್ನು ನನ್ನ ಮಗಳ ತಲೆಯ ಮೇಲಿಂದ ಎತ್ತಿ, ಕೂದಲಿಗೆ ಸಿಕ್ಕದ ಹಾಗೆ ಬಿಡಿಸಿ, ತಮ್ಮ ಕೊರಳಿಗೆ ಹಾಕಿಕೊಂಡರು. ಟೈಯ ಮೇಲೆ ‘ನಾನು ಕನ್ನಡ ಮರೆತೆ’. ಹಾಗೇ ಲಿಫ್ಟಿನ ಕಡೆ ನಡೆದರು. ನಾನು ಅವರ ಕೋಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಮರುದಿನ ಭಾನುವಾರ. ಅಜ್ಜಿಯ ವಿಡಿಯೋ ಕಾಲು ಬಂತು. ಮಗಳು ಪರದೆಯೆದುರು ಕೈಕಟ್ಟಿ ಕುಳಿತು, “ನಾನು ಚೆನ್ನಾಗಿದ್ದೇನೆ ಅಜ್ಜಿ. ನೀವು ಹೇಗಿದ್ದೀರಿ?” ಎಂದಳು. ಆಮೇಲೆ ಹೋಮ್‌ವರ್ಕ್ ಇದೆ ಎಂದು ಎದ್ದುಹೋದಳು. ಮಧ್ಯಾಹ್ನ ಅವ್ವ ಮತ್ತೆ ಕರೆ ಮಾಡಿದಾಗಲೂ ಅದೇ. ಅವ್ವ ನನ್ನನ್ನು ಕೇಳಿದಳು: “ಕೂಸಿಗೆ ಏನಾಗೇತಿ? ಮಾತಾಡವಲ್ದು. ನಾ ಏನರ ತಪ್ಪು ಮಾತಾಡಿದ್ನೇನವಾ?”

“ನೆಟ್‌ವರ್ಕ್ ಸರಿಯಿಲ್ಲ ಅವ್ವಾ,” ಎಂದೆ. ತಪ್ಪು ತನ್ನದೇ ಇರಬೇಕು ಎಂದುಕೊಂಡ ಆ ಮುಖವನ್ನು ನೋಡಲಾರದೆ ನಾನೇ ಕಾಲು ಕಟ್ ಮಾಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ಮೊಮ್ಮಗಳ ನಡುವಿನ ಮಾತನ್ನು ನಾನು ಒಂದು ರಟ್ಟಿನ ತುಂಡಿನಿಂದ ಕಡಿದು ಹಾಕಿದ್ದೆ. ಅದನ್ನು ಮತ್ತೆ ಹೇಗೆ ಕೂಡಿಸಬೇಕೋ ತಿಳಿಯಲಿಲ್ಲ.

ಆ ಸಂಜೆಯೇ ಶೇಂಗಾ ಹೋಳಿಗೆ ಮಾಡಿ, ಡಬ್ಬಿಯಲ್ಲಿ ಹಾಕಿಕೊಂಡು, ಕೋಲು ಹಿಡಿದುಕೊಂಡು ಅವರ ಬಾಗಿಲು ಬಡಿದೆ. ಅವರ ಮಗಳು ಹೊರಗೆ ಹೋಗಿದ್ದರು. ಅವರೊಬ್ಬರೇ ಇದ್ದರು, ಮನೆಯಲ್ಲೂ ಟೈ. ಬಿಲ್ಲೆ ಕಾಣಲಿಲ್ಲ. ಹೋಳಿಗೆ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಇದರಾಗಿನ ಕಾಳಿಗೆ ನಿಮ್ಮ ಭಾಷಾದಾಗ ಏನಂತೀರಿ?”

“ಶೇಂಗಾ.”

“ಹಿಂದೊಮ್ಮೆ ಕೇಳಿದಾಗ ಬ್ಯಾರೆ ಏನೋ ಅಂದಿದ್ರಿ.”

ಮುದುಕರಿಗೆ ನೆನಪಿತ್ತು. ನಾನು ತಲೆ ತಗ್ಗಿಸಿದೆ.

“ಆ ಕೂಸು ಒದರಿದ್ದು ಏನದು?”

“ಅದೊಂದು ತಪ್ಪು ಮಾತು, ಸರ್. ಅಂದ್ರೆ, ಹಳ್ಳಿ ಕಡೆ ಹಾಗಂತಾರೆ.”

“ಯಾರ ಮಾತದು?”

“ನಮ್ಮವ್ವನದು,” ಎಂದೆ.

ಅವರು ತಮ್ಮ ಕಥೆ ಹೇಳಿದರು. ಅವರ ಶಾಲೆಯಲ್ಲೂ ಬಿಲ್ಲೆ ಇತ್ತು. ಅದು ರಟ್ಟಿನದಲ್ಲ, ದಾರಕ್ಕೆ ಕಟ್ಟಿದ ಒಂದು ಮೂಳೆಯ ತುಂಡು. ಮನೆಯ ಮಾತು ಬಾಯಲ್ಲಿ ಬಂದವರ ಕೊರಳಿಗೆ ಅದು. ಇನ್ನೊಬ್ಬನನ್ನು ಹಿಡಿದುಕೊಟ್ಟರೆ ಬಿಡುಗಡೆ. ಸಂಜೆಯ ಗಂಟೆ ಹೊಡೆಯುವಾಗ ಯಾರ ಕೊರಳಲ್ಲಿ ಉಳಿಯುತ್ತದೋ ಅವರಿಗೆ ಛಡಿಯೇಟು.

“ಅವತ್ತ ಅದು ನನ್ನ ಕೊರಳಾಗಿತ್ತು. ಗಂಟಿ ಹೊಡ್ಯಾಕ ಬಂದಿತ್ತು. ನನ್ನ ದೋಸ್ತ ಒಬ್ಬಾಂವ ಇದ್ದ, ಭಾಳ ಶಾಣ್ಯಾ. ಏನ್ ಮಾಡಿದ್ರೂ ಬಾಯಿ ಬಿಡತಿದ್ದಿಲ್ಲ. ನಾ ಹಿಂದಿನಿಂದ ಹೋಗಿ ಅವನ ತೋಳು ಚೂಟಿದೆ.” ಎರಡು ಬೆರಳು ಕೂಡಿಸಿ, ತಿರುವಿ ತೋರಿಸಿದರು. “ನೋವಾದಾಗ ಯಾರೂ ಫ್ರೆಂಚಿನ್ಯಾಗ ಒದರೂದಿಲ್ರೀ. ‘ಯಾಯ್!’ ಅಂದ. ನಮ್ಮ ಮಾತಿನ್ಯಾಗ ಅವ್ವ ಅಂತ. ಮೂಳಿ ತಗದು ಅವನ ಕೊರಳಿಗೆ ಹಾಕಿದೆ.”

“ಆಮೇಲೆ?”

“ಬಡದ್ರು. ಮರುದಿನದಿಂದ ಅಂವ ಸಾಲಿಗೆ ಬರಲಿಲ್ಲ. ಬರಬೇಕಾದವ ಅಂವ ಇದ್ದ. ಮಂತ್ರಿ ಆಗಬೇಕಾದವನೂ ಅಂವನ.”

ಚಿಕ್ಕ ಹುಡುಗ ಹೆದರಿ ಮಾಡಿದ್ದಲ್ಲವೇ ಎಂದು ನಾನು ಸಮಾಧಾನ ಹೇಳಹೋದೆ. ಅವರು ಕೈಯೆತ್ತಿ ತಡೆದರು.

“ಹುಡುಗನ ಮಾತು ಬಿಡ್ರಿ. ಮಂತ್ರಿದು ಕೇಳ್ರಿ. ನಾ ಕುರ್ಚಿ ಮ್ಯಾಲೆ ಕುಂತ ಹೊಸದಾಗಿ ಒಬ್ಬ ಅಧಿಕಾರಿ ಬಂದ. ಸಾಹೇಬ್ರ, ಸಾಲ್ಯಾಗ ಆ ಮೂಳಿ ಇನ್ನೂ ಐತಿ, ಈಗಂತೂ ನಮ್ಮದ ಸರಕಾರ, ತಗದ್‌ಬಿಡೋಣೇನು ಅಂತ ಕೇಳಿದ. ನಾ ಏನಂದೆ ಗೊತ್ತೈತೇನು? ಇರಲಿ ಬಿಡು, ಅದು ಭಾಳ ಚಲೋ ಕೆಲಸ ಮಾಡ್ತೈತಿ ಅಂದೆ.”

ನನ್ನೆದುರು ಬೆಂಚಿನ ಮೇಲೆ ಆಡಿದ ಅದೇ ಮಾತು. ನಾನು ಗ್ರೂಪಿನಲ್ಲಿ ಹಾಕಿ ಮೆರೆದ ಮಾತು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

“ಫ್ರೆಂಚರು ಹಾಕಿದ್ದನ್ನ ನಾವ ತಗೀಲಿಲ್ಲ. ಸೈನಿಕರು ನನ್ನ ಜೈಲಿಗೆ ಹಾಕಿದ್ದು ಬ್ಯಾರೆ ಕಾರಣಕ್ಕ. ಇದಕ್ಕ ಹಾಕಿದ್ರ ಚಲೋ ಆಗ್ತಿತ್ತು. ನನ್ನ ಮಗಳಿಗೆ ನಾ ನಮ್ಮ ಮಾತು ಒಂದೂ ಕಲಸಲಿಲ್ರೀ. ಯಾವ ಬಾಯಿಲೆ ಕಲಸ್ಲಿ?”

“ಬಿಲ್ಲೆ ಕೊಡಿ ಸರ್, ಹರಿದು ಬಿಸಾಕ್ತೀನಿ,” ಎಂದೆ.

“ಅದು ನಂದು, ಇರಲಿ. ನೀವು ಮೊದಲ ನಿಮ್ಮ ಕೊರಳಾಗಿಂದು ತಗೀರಿ.”

ನನ್ನ ಕೈ ಪೆದ್ದುಪೆದ್ದಾಗಿ ತಾಳಿಗೆ ಹೋಯಿತು. ಅವರಿಗೆ ನಗು ಬಂತು.

“ಕಾರಿಡಾರಿನ್ಯಾಗ ನೀವು ನಿಮ್ಮವ್ವನ ಕೂಡ ಮಾತಾಡೂದು ಕೇಳೇನಿ. ನನಗ ಒಂದಕ್ಷರ ತಿಳೀದು. ಆದ್ರ ಆವಾಗ ನಿಮ್ಮ ಕೈ ಆಡ್ತಾವು. ನಗ್ತೀರಿ, ಬೈತೀರಿ. ಕೆಳಗ ಕ್ಲಾಸಿನ್ಯಾಗ ನಿಮ್ಮ ಕೈ ಆಡೂದ ಇಲ್ಲ.”

ಮುಂದಿನ ಶನಿವಾರ ನಾನು ಮಾಡಿದ್ದೇನು? “ಬಿಲ್ಲೆ ಎಲ್ಲೋ ಮಿಸ್ ಆಗಿದೆ, ಆ ಗೇಮ್ ಸ್ಟಾಪ್ ಮಾಡೋಣ” ಎಂದು ತಾಯಂದಿರಿಗೆ ಸುಳ್ಳು ಹೇಳಿದೆ. ಅಷ್ಟೇ ನನ್ನ ಶೌರ್ಯ. ಮಗಳನ್ನು ಕೂರಿಸಿಕೊಂಡು ‘ನೀನು ಅಂದದ್ದು ತಪ್ಪಲ್ಲ’ ಎಂದು ಹೇಳಿದೆ. ಹೇಳಿದ್ದು ಮನೆಯೊಳಗೆ, ನುಣುಪು ಕನ್ನಡದಲ್ಲೇ. ಅವಳು “ಓಕೆ ಅಮ್ಮ” ಅಂದಳು. ನಂಬಲಿಲ್ಲ ಅಂತ ಗೊತ್ತಾಯಿತು. ಅಜ್ಜಿಯ ಜೊತೆ ‘ಚೆನ್ನಾಗಿದ್ದೇನೆ’ ಹಾಗೇ ಮುಂದುವರಿಯಿತು. ಮಂತ್ರಿಗಳು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೈ ಕುಲುಕಿ, ಹುಬ್ಬೇರಿಸಿ ಕೇಳುತ್ತಿದ್ದರು: “ತಗದ್ರೇನು?”

“ಇನ್ನೂ ಇಲ್ಲ ಸರ್.”

“ನಾನೂ ಇಲ್ಲ.”

ಇದೇ ನಮ್ಮ ನಮಸ್ಕಾರವಾಗಿಬಿಟ್ಟಿತು. ಹೀಗೇ ತಿಂಗಳುಗಳು ಹೋದವು.

ಆಮೇಲೆ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು, ಆಸ್ಪತ್ರೆಗೆ ಸೇರಿಸಿದರು. ನಾನು ಮಗಳನ್ನು ಕರೆದುಕೊಂಡು ನೋಡಲು ಹೋದೆ. ಟೈ ಇಲ್ಲದ ಅವರನ್ನು ನಾನು ನೋಡಿದ್ದು ಅದೇ ಮೊದಲು. ಆಸ್ಪತ್ರೆಯ ಸಡಿಲ ಅಂಗಿಯಲ್ಲಿ ಕುತ್ತಿಗೆ ಎಳೆಯ ಮಗುವಿನದರಷ್ಟು ಸಣ್ಣಗೆ ಕಾಣುತ್ತಿತ್ತು. ಪ್ರಜ್ಞೆ ಬಂದು ಹೋಗಿ ಮಾಡುತ್ತಿತ್ತು. ಹಾಸಿಗೆಯ ಪಕ್ಕದಲ್ಲಿ ಅವರ ಮಗಳು ಕುಳಿತಿದ್ದರು. ನರ್ಸುಗಳು ಬಂದು ಅವರನ್ನು ಮಗ್ಗುಲಿಗೆ ಹೊರಳಿಸಿದಾಗ ನೋವಾಗಿರಬೇಕು.

“ಯಾಯ್!” ಎಂದರು. “ಯಾಯ್!”

“ನಿನ್ನೆಯಿಂದ ಇದೇ,” ಎಂದರು ಅವರ ಮಗಳು ಇಂಗ್ಲಿಷಿನಲ್ಲಿ. ಕಣ್ಣು ಊದಿಕೊಂಡಿದ್ದವು. “ಯಾರನ್ನೋ ಕರೀತಿದಾರೆ. ಈ ಹೆಸರಿನವರು ಯಾರೂ ನಮಗೆ ಗೊತ್ತಿಲ್ಲ. ಯಾರಿಗೆ ಹೇಳಿ ಕಳಿಸಬೇಕೋ ತಿಳೀತಾ ಇಲ್ಲ.”

ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮಗಳು ಮಂಚದ ಸರಳು ಹಿಡಿದುಕೊಂಡು, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬ ಧಾಟಿಯಲ್ಲಿ ಹೇಳಿದಳು: “ನಾಟ್ ನೇಮ್ ಲಾ, ಆಂಟಿ. ತಾತಂಗೆ ಪೇನ್ ಆಗ್ತಿದೆ. ಸೋ ‘ಯವ್ವಾ’ ಅಂತಿದಾರೆ. ಇಟ್ ಮೀನ್ಸ್ ಮದರ್.”

ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಐವತ್ತು ದಾಟಿದ, ದೊಡ್ಡ ಹುದ್ದೆಯ ಆ ಹೆಂಗಸು ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಅಪ್ಪನ ಕಿವಿಯ ಹತ್ತಿರ ಬಾಗಿ, ಜನ್ಮದಲ್ಲಿ ಮೊದಲ ಬಾರಿಗೆ ಆ ಮಾತನ್ನು ತೊದಲುತ್ತ ಅಂದರು. “ಯಾಯ್?” ಮುದುಕರು ಕಣ್ಣು ಬಿಟ್ಟರು. ಮಗಳನ್ನು ಬಹಳ ಹೊತ್ತು ನೋಡಿದರು. ಬೆರಳುಗಳು ಅಭ್ಯಾಸಬಲದಿಂದ ಕೊರಳಿಗೆ ಹೋದವು, ಅಲ್ಲಿ ಕಾಲರಿರಲಿಲ್ಲ. ಸ್ವಲ್ಪ ಹುಡುಕಾಡಿ, ಎದೆಯ ಮೇಲೆ ಇಳಿದು ಸುಮ್ಮನಾದವು.

ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ಮಗಳು ಕೇಳಿದಳು: “ಅಮ್ಮಾ, ತಾತ ಅಷ್ಟು ದೊಡ್ಡೋರು, ಹಾಗಂದ್ರೆ ಅವರಿಗೆ ಯಾರೂ ಬಿಲ್ಲೆ ಹಾಕಲ್ವಾ?” ಸುತ್ತ ಜನ ತುಂಬಿದ್ದರು. ನಾನು ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಮುಖ ಕಿಟಕಿಯ ಕಡೆ ತಿರುಗಿಸಿದೆ.

ಅದೇ ವಾರ ಅವರು ತೀರಿಕೊಂಡರು. ಎಲ್ಲ ಮುಗಿದ ಮೇಲೆ ಅವರ ಮಗಳು ನಮ್ಮ ಮನೆಗೆ ಬಂದರು. ಅವರ ಕೈಯಲ್ಲಿ ನನ್ನ ಬಿಲ್ಲೆ ಇತ್ತು. ಕಪಾಟಿನಲ್ಲಿ ಟೈಗಳ ನಡುವೆ ತೂಗುಹಾಕಿತ್ತಂತೆ. “ಇದು ನಿಮ್ಮ ಲಿಪಿ ಅಲ್ವಾ? ಏನು ಬರೆದಿದೆ?” ಎಂದರು. ಓದಿ ಹೇಳಿದೆ. ಅಪ್ಪನ ಹತ್ತಿರ ಇದು ಯಾಕಿತ್ತು ಎಂದು ಕೇಳಿದರು. ಮೂಳೆಯ ಕಥೆ, ಚೂಟಿದ ಕಥೆ, ಕುರ್ಚಿಯ ಮೇಲೆ ಕುಳಿತು ಆಡಿದ ಮಾತು, ಕೊನೆಗೆ ನನ್ನ ಮಗಳ ಬೆರಳು, ನನ್ನ ನಗು, ಎಲ್ಲ ಹೇಳಿದೆ. ಅವರು ಅಪ್ಪನನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಹೊರಡುವಾಗ ನನ್ನ ಮಗಳನ್ನು ಕರೆದು, ‘ಯಾಯ್’ ಎಂದು ಇನ್ನೊಮ್ಮೆ ಅಂದು ತೋರಿಸಿ, “ಸರಿಯಾಗಿದೆಯಾ? ಅವರು ಹೀಗೇ ಅಂದದ್ದಲ್ವಾ?” ಎಂದು ಕೇಳಿಕೊಂಡು ಹೋದರು.

ಮಂತ್ರಿಗಳಿಗೆ ನಾನು ಕೊಟ್ಟದ್ದು ಒಂದು ಡಬ್ಬಿ ಹೋಳಿಗೆ. ಅವರು ತೊಂಬತ್ತರ ಹತ್ತಿರ, ಓದಲು ಬಾರದ ಲಿಪಿಯ ಆ ಬಿಲ್ಲೆಯನ್ನು ನನ್ನ ಮಗಳ ಕೊರಳಿಂದ ಎತ್ತಿ ತಾವು ಹೊತ್ತುಕೊಂಡು ಹೋದರು. ಹೆತ್ತ ತಾಯಿ ನಾನು ಮಾಡಬೇಕಾದ ಕೆಲಸ ಅದು. ನನ್ನ ನಾಚಿಕೆ ಈಗಲೂ ಹೋಗಿಲ್ಲ, ಈ ಋಣ ಹೇಗೆ ತೀರಬೇಕೋ ಗೊತ್ತೂ ಇಲ್ಲ. ಲಿಫ್ಟಿನಲ್ಲಿ “ತಗದ್ರೇನು?” ಎಂದು ಕೇಳುವವರು ಇಲ್ಲವಾದ ಮೇಲೆ, ಉತ್ತರ ಕೊಡದೆ ಇರುವುದು ಇನ್ನೂ ಕಷ್ಟವಾಯಿತು.

ಮುಂದಿನ ಶನಿವಾರ ಬಿಲ್ಲೆಯನ್ನು ನನ್ನ ಕೊರಳಿಗೇ ಹಾಕಿಕೊಂಡು ಕ್ಲಾಸಿಗೆ ಇಳಿದೆ. ಮಕ್ಕಳು ಕಿಸಕ್ಕೆಂದರು. “ಏನ್ ರೀ, ಸಿಕ್ತಾ ಬಿಲ್ಲೆ? ಟೀಚರ್‌ಗೇ ಪನಿಶ್‌ಮೆಂಟಾ?” ಎಂದು ಒಬ್ಬಾಕೆ ನಕ್ಕರು. ಕಲ್ಲು ಬೆಂಚು ಖಾಲಿಯಿತ್ತು. ಮಂತ್ರಿ ತಾತನ ಕಥೆ ಹೇಳುತ್ತೇನೆ ಎಂದೆ. ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟೆ. ನನಗರಿವಿಲ್ಲದೆ ಎರಡು ಬೆರಳು ನನ್ನ ಕೊರಳಿಗೆ ಹೋಗಿದ್ದವು.

“ಅವರು... ಅವರು ನಮ್ಮಂಗ ಶೇಂಗಾ ಬೆಳಿಯೂ ಊರಾಗ ಹುಟ್ಟಿದವರು,” ಎಂದೆ. ದನಿ ನನಗೇ ಕೇಳಿಸಲಿಲ್ಲ. ತಾಯಂದಿರ ಸಾಲಿನಲ್ಲಿ ಯಾರೋ ಫೋನಿನಿಂದ ತಲೆಯೆತ್ತಿದರು. ಒಂದು ಹುಬ್ಬು ಮೇಲೇರಿತು. ನಾನು ತಡವರಿಸಿ ನಿಂತೆ.

ಮಕ್ಕಳ ಹಿಂದಿನ ಸಾಲಿನಿಂದ ನನ್ನ ಮಗಳು ಎದ್ದು ನಿಂತಳು. ಇಡೀ ವಾಯ್ಡ್ ಡೆಕ್ಕಿಗೆ ಕೇಳುವ ಹಾಗೆ, ಅವಳ ಅಜ್ಜಿಯದೇ ದನಿಯಲ್ಲಿ ಕೂಗಿದಳು:

“ಯವ್ವಾ, ಕೇಳಸವಲ್ದು! ಜೋರ್‌ಲೆ ಹೇಳ!”